ಗಿರಾಕಿಗೂ ನೆಂಟರಿಗೂ ಒಂದೇ ಖಾತೆ ಸಾಕೆ?

ಪ್ರಶ್ನೆ: ಮೇಡಂ, ನಾನು ಮನೆಯಲ್ಲೇ ಸೀರೆ ಕುಚ್ಚು, ಫಾಲ್, ಜಿಗ್‌ಜಾಗ್, ಆರಿ ವರ್ಕ್ ಬ್ಲೌಸ್ ಮಾಡಿಕೊಡುತ್ತೇನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಎಲ್ಲ ಮೊದಲು ನೆಂಟರಿಷ್ಟರಿಗಾಗಿ ಇದ್ದವು. ಈಗ ಅದರಲ್ಲೇ ವ್ಯಾಪಾರವೂ ನಡೆಯುತ್ತಿದೆ. ರಾತ್ರಿ ಹನ್ನೊಂದಕ್ಕೆ ಗಿರಾಕಿಗಳ ಮೆಸೇಜು. ಮಗಳ ಹುಟ್ಟುಹಬ್ಬದ ಫೋಟೊ ಕೆಳಗೆ ‘ಅಕ್ಕ, ನನ್ ಬ್ಲೌಸ್ ಆಯ್ತಾ?’ ಎಂಬ ಕಮೆಂಟು. ಬ್ಲೌಸಿನ ಫೋಟೊ ಕೆಳಗೆ ‘ನಮಗೆಷ್ಟು ಕಮ್ಮಿ ಮಾಡ್ತೀಯ?’ ಎಂದು ನೆಂಟರು. ಇನ್‌ಸ್ಟಾ ಖಾತೆಯನ್ನೇ ಬಿಸಿನೆಸ್ ಖಾತೆ ಮಾಡಿಬಿಡು ಅಂತ ತಮ್ಮ ಹೇಳುತ್ತಾನೆ. ಸರ್ಕಾರಿ ಶಾಲೆಯಲ್ಲಿ ಟೀಚರಾಗಿರುವ ನಾದಿನಿ ಪ್ರೀತಿಯಿಂದ ನನ್ನ ಪೋಸ್ಟುಗಳನ್ನೆಲ್ಲ ಶೇರ್ ಮಾಡುತ್ತಾಳೆ. ನಮ್ಮನೆಯವರು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್, ಬೇರೆ ಕೆಲಸ ಹುಡುಕುತ್ತಿದ್ದಾರೆ. ಲಿಂಕ್ಡ್‌ಇನ್‌ಗೆ ಹೋಗಿ ಅಂದರೆ ‘ಫೇಸ್‌ಬುಕ್ ಇದೆಯಲ್ಲ, ಅದ್ಯಾಕೆ’ ಅನ್ನುತ್ತಾರೆ. ಎಲ್ಲವನ್ನೂ ಬೇರೆ ಬೇರೆ ಮಾಡಲೇಬೇಕೆ? ಹಳೆಯ ಪೋಸ್ಟುಗಳನ್ನು ಏನು ಮಾಡಲಿ?
– ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಮೊದಲು ನಿಮ್ಮ ತಮ್ಮನನ್ನು ತಡೆಯಿರಿ. ಇದ್ದ ಇನ್‌ಸ್ಟಾಗ್ರಾಮ್ ಖಾತೆಯನ್ನು ಬಿಸಿನೆಸ್ ಖಾತೆಯಾಗಿ ಬದಲಿಸುವುದು ಎರಡು ನಿಮಿಷದ ಕೆಲಸ, ನಿಜ. ಆದರೆ ಬಿಸಿನೆಸ್ ಖಾತೆಯನ್ನು ಪ್ರೈವೇಟ್ ಆಗಿ ಇಟ್ಟುಕೊಳ್ಳಲು ಇನ್‌ಸ್ಟಾಗ್ರಾಮ್ ಬಿಡುವುದಿಲ್ಲ. ಇಷ್ಟು ವರ್ಷ ಒಪ್ಪಿಗೆ ಪಡೆದವರಿಗಷ್ಟೇ ಕಾಣುತ್ತಿದ್ದ ಮಗಳ ನಾಮಕರಣ, ನಿಮ್ಮ ಸೀಮಂತ, ತವರಿನ ಗೃಹಪ್ರವೇಶ ಎಲ್ಲವೂ ಅದೇ ಗಳಿಗೆಯಿಂದ ಯಾರು ಬೇಕಾದರೂ ನೋಡಬಹುದಾದ ಫೋಟೊಗಳಾಗುತ್ತವೆ. ಕುಚ್ಚಿನ ಡಿಸೈನು ಹುಡುಕಿಕೊಂಡು ಬಂದವರು ಬೆರಳು ಸರಿಸುತ್ತ ಸರಿಸುತ್ತ ನಿಮ್ಮ ಮಗಳ ಶಾಲೆಯ ಯೂನಿಫಾರ್ಮಿನವರೆಗೆ ಹೋಗಿ ನಿಲ್ಲುತ್ತಾರೆ. ಹೊಸ ಖಾತೆಯನ್ನೇ ತೆರೆಯಿರಿ. ಒಂದೇ ಆ್ಯಪಿನಲ್ಲಿ ಐದು ಖಾತೆಗಳವರೆಗೆ ಲಾಗಿನ್ ಆಗಿ ಒಂದರಿಂದ ಇನ್ನೊಂದಕ್ಕೆ ಹೋಗಿಬರಬಹುದು, ಇನ್ನೊಂದು ಫೋನೇನೂ ಬೇಕಿಲ್ಲ. ಶೂನ್ಯದಿಂದ ಫಾಲೋವರ್ಸ್ ಕಟ್ಟಬೇಕಲ್ಲ ಎಂಬ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಈಗಿರುವವರಲ್ಲಿ ಬ್ಲೌಸ್ ಹೊಲಿಸಿಕೊಳ್ಳುವವರು ಎಷ್ಟು, ಮದುವೆ ಮನೆಯಲ್ಲಿ ಸಿಕ್ಕಾಗ ಫಾಲೋ ಮಾಡಿ ಮರೆತವರು ಎಷ್ಟು ಎಂದು ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿ. ಸಂಕಟ ಅರ್ಧ ಇಳಿಯುತ್ತದೆ.

ಇನ್ನು ‘ಎಲ್ಲವನ್ನೂ ಬೇರೆ ಮಾಡಲೇಬೇಕೆ’ ಎಂಬ ಮುಖ್ಯ ಪ್ರಶ್ನೆ. ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ‘ಫೇಸ್‌ಬುಕ್ ಮನೆಗೆ, ಲಿಂಕ್ಡ್‌ಇನ್ ಕೆಲಸಕ್ಕೆ’ ಎಂಬ ಹಂಚಿಕೆ. ಹುಟ್ಟಿದಾಗ ಅವು ಹಾಗೇ ಇದ್ದವು. ಲಿಂಕ್ಡ್‌ಇನ್ 2003ರಲ್ಲಿ ಶುರುವಾದದ್ದೇ ಉದ್ಯೋಗದ ಪರಿಚಯಗಳಿಗಾಗಿ. ಫೇಸ್‌ಬುಕ್ 2004ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳ ನಡುವೆ ಹುಟ್ಟಿತು. ಅಲ್ಲಿದ್ದವರೆಲ್ಲ ಒಂದೇ ಕ್ಯಾಂಪಸ್ಸಿನವರಾದ್ದರಿಂದ ಯಾರ ಮುಂದೆ ಏನು ಹೇಳಬೇಕೆಂಬ ಗೊಂದಲವೇ ಇರಲಿಲ್ಲ. 2006ರ ಸೆಪ್ಟೆಂಬರಿನಲ್ಲಿ 13 ವರ್ಷ ದಾಟಿದ ಎಲ್ಲರಿಗೂ ಬಾಗಿಲು ತೆರೆದಾಗ ಮಾವ, ಮೇಷ್ಟ್ರು, ಮ್ಯಾನೇಜರು ಎಲ್ಲ ಒಳಗೆ ಬಂದರು. ಮರುವರ್ಷವೇ ವ್ಯಾಪಾರಿಗಳಿಗೆಂದು ಪೇಜ್ ಬಂತು. ಇನ್‌ಸ್ಟಾಗ್ರಾಮ್ 2016ರಲ್ಲಿ ಬಿಸಿನೆಸ್ ಖಾತೆಗಳನ್ನು ಕೊಟ್ಟಿತು, 2018ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಬಂತು. ಅತ್ತ ಲಿಂಕ್ಡ್‌ಇನ್ ತುಂಬ ಈಗ ಮದುವೆ ವಾರ್ಷಿಕೋತ್ಸವದ ಫೋಟೊಗಳೂ ‘ನನ್ನ ಅಜ್ಜಿ ಕಲಿಸಿದ ನಾಯಕತ್ವದ ಪಾಠ’ಗಳೂ ಓಡಾಡುತ್ತಿವೆ. (ಅವನ್ನು ಓದುವಾಗ ನನಗೆ ಆ ಅಜ್ಜಿಯರ ಮೇಲೆ ಕನಿಕರ ಬರುತ್ತದೆ.) ಹಾಗಾಗಿ ಆ್ಯಪಿನ ಹೆಸರು ನೋಡಿ ಇದು ಖಾಸಗಿ, ಇದು ವೃತ್ತಿ ಎಂದು ಹಂಚುವ ಕಾಲ ಮುಗಿದಿದೆ. ನಿಮ್ಮಂಥವರಿಗಂತೂ ಮೂರೂ ಆ್ಯಪಿನಲ್ಲಿ ಎರಡೂ ನಡೆಯುತ್ತದೆ.

ನನ್ನ ಪ್ರಕಾರ ವ್ಯತ್ಯಾಸ ಇರುವುದು ಬೇರೆ ಕಡೆ. ಖಾಸಗಿಯಾಗಿ ಬಳಸುವಾಗ ಎದುರಿನವರಿಗೆ ನೀವು ಮೊದಲೇ ಗೊತ್ತು. ಫೋಟೊ ಮಸುಕಾಗಿದ್ದರೂ, ಮಾತು ಅರ್ಧವಾಗಿದ್ದರೂ, ಮೂರು ತಿಂಗಳು ಏನೂ ಹಾಕದಿದ್ದರೂ ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಾರೆ. ಉತ್ತರಿಸದಿದ್ದರೆ ‘ಪಾಪ, ಏನೋ ಕೆಲಸ ಇರಬೇಕು’ ಎನ್ನುತ್ತಾರೆ. ವೃತ್ತಿಗಾಗಿ ಬಳಸುವಾಗ ಎದುರಿಗಿರುವವರಿಗೆ ನಿಮ್ಮ ಬಗ್ಗೆ ಗೊತ್ತಿರುವುದು ಪರದೆಯ ಮೇಲೆ ಕಂಡಷ್ಟೇ. ಅವರು ನಿಮ್ಮನ್ನು ನಂಬಬೇಕೋ ಬೇಡವೋ ಎಂದು ಅಷ್ಟರಿಂದಲೇ ತೀರ್ಮಾನಿಸಬೇಕು. ತೀರ್ಮಾನಿಸಿ ಸೀರೆ ಕೊಟ್ಟು ಅಡ್ವಾನ್ಸು ಕೊಟ್ಟ ಮೇಲೆ ನಿಮ್ಮನ್ನು ಕೇಳುವ ಹಕ್ಕೂ ಅವರಿಗೆ ಬರುತ್ತದೆ. ಮನೆಯಲ್ಲಿ ಸೂತಕವಾಗಿ ಹತ್ತು ದಿನ ಮೆಷಿನ್ ಮುಟ್ಟಲಿಲ್ಲ ಎಂದರೆ ಫೇಸ್‌ಬುಕ್ಕಿನ ಸ್ನೇಹಿತರಿಗೆ ನೀವು ಏನೂ ಹೇಳಬೇಕಿಲ್ಲ. ಅದೇ ವಾರ ಮಗಳ ಮದುವೆ ಇಟ್ಟುಕೊಂಡ ಗಿರಾಕಿಗೆ ಹೇಳಲೇಬೇಕು, ಯಾವ ತಾರೀಖಿಗೆ ಕೊಡುತ್ತೇನೆ ಎಂದೂ ಹೇಳಬೇಕು. ಕಾರಣ ಮಾತ್ರ ಹೇಳಬೇಕಿಲ್ಲ. ‘ಇಂಥ ದಿನದವರೆಗೆ ಕೆಲಸ ಇರುವುದಿಲ್ಲ’ ಎಂದರೆ ಸಾಕು. ಏನು ಹೇಳಬೇಕು, ಏನನ್ನು ಹೇಳದೆ ಬಿಡಬಹುದು ಎಂಬ ಈ ಗೆರೆ ಎಳೆಯುವುದಕ್ಕೇ ಎರಡು ಖಾತೆ ಬೇಕಾಗುವುದು.

ಮಲೆನಾಡಿನ ಹಳೆಯ ಮನೆಗಳಲ್ಲಿ ಜಗಲಿಯವರೆಗೆ ಬಂದವರೆಲ್ಲ ನಡುಮನೆಗೆ ಬರುತ್ತಿರಲಿಲ್ಲ. ಹಾಗೆಂದು ಜಗಲಿಯಲ್ಲಿ ಕೂತವರಿಗೆ ಮನೆಯವರು ಅಪರಿಚಿತರೇನೂ ಆಗಿರಲಿಲ್ಲ, ಬೆಲ್ಲ ನೀರು ಅಲ್ಲಿಗೇ ಬರುತ್ತಿತ್ತು. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1959ರಲ್ಲೇ ಇದನ್ನು ರಂಗಭೂಮಿಯ ಭಾಷೆಯಲ್ಲಿ ವಿವರಿಸಿದ್ದ: ಮನುಷ್ಯ ಬೇರೆ ಬೇರೆ ಜನರ ಮುಂದೆ ಬೇರೆ ಬೇರೆ ರೀತಿ ನಡೆದುಕೊಳ್ಳುವುದು ಸಹಜ, ಅದು ಕಪಟವಲ್ಲ. ಸಾಮಾಜಿಕ ಜಾಲತಾಣಗಳು ಬೇರೆ ಬೇರೆ ಜನರನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದರಿಂದ ನಿಮ್ಮ ಮಗಳ ಹುಟ್ಟುಹಬ್ಬದ ಫೋಟೊ ಕೆಳಗೆ ಬ್ಲೌಸಿನ ವಿಚಾರಣೆ ಬಂತು. ಕಮೆಂಟು ಹಾಕಿದ ಗಿರಾಕಿಯನ್ನು ದೂರಬೇಡಿ. ನಿಮ್ಮನ್ನು ಹಿಡಿಯಲು ಅವರಿಗೆ ಬೇರೆ ಜಾಗ ಇರಲಿಲ್ಲ.

ಈಗ ನೀವು ಕೇಳದೇ ಇದ್ದ, ಆದರೆ ನಿಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಗಂಭೀರವಾದ ವಿಷಯ. ಖಾಸಗಿ, ವೃತ್ತಿ ಎಂದಾಗ ನಾವೆಲ್ಲ ನಮ್ಮ ಖಾಸಗಿತನವನ್ನಷ್ಟೇ ಯೋಚಿಸುತ್ತೇವೆ. ನಿಮ್ಮ ಫೋನಿನಲ್ಲಿ ಇರುವುದು ಗಿರಾಕಿಗಳ ಖಾಸಗಿತನ. ಬ್ಲೌಸಿನ ಅಳತೆ, ಎದೆ ಸುತ್ತಳತೆ, ಕತ್ತಿನ ಆಳ, ಹಾಕಿಕೊಂಡು ನೋಡಿ ‘ಇಲ್ಲಿ ಬಿಗಿ ಆಗ್ತಿದೆ’ ಎಂದು ಕಳಿಸಿದ ಫೋಟೊ, ಜತೆಗೆ ಹೆಸರು, ನಂಬರು, ಮನೆಯ ಲೊಕೇಶನ್. ಇವೆಲ್ಲ ಒಂದೇ ವಾಟ್ಸ್‌ಆ್ಯಪಿನಲ್ಲಿವೆ. ವಾಟ್ಸ್‌ಆ್ಯಪಿಗೆ ಬಂದ ಫೋಟೊಗಳು ತಾವಾಗಿಯೇ ಗ್ಯಾಲರಿಗೆ ಹೋಗುತ್ತವೆ. ಗ್ಯಾಲರಿಯ ಆ ಫೋಲ್ಡರಿಗೆ ಬ್ಯಾಕಪ್ ಆನ್ ಇದ್ದರೆ ಅಲ್ಲಿಂದ ಗೂಗಲ್ ಫೋಟೋಸಿಗೆ. ಮನೆಯ ಟಿ.ವಿ.ಗೆ ಆ ಖಾತೆ ಜೋಡಿಸಿದ್ದರೆ ಸಂಜೆ ಮಾವನವರು ಕೂತಿದ್ದಾಗ ಪರದೆಯ ಮೇಲೆ ಏನು ಬರಬಹುದು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಮಗಳು ಗೇಮ್ ಆಡಲು ತೆಗೆದುಕೊಳ್ಳುವುದೂ ಅದೇ ಫೋನು. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸಿನ ‘ಚಾಟ್ಸ್’ ವಿಭಾಗದಲ್ಲಿ ‘ಮೀಡಿಯಾ ವಿಸಿಬಿಲಿಟಿ’ ಎಂಬುದನ್ನು ಇವತ್ತೇ ಆಫ್ ಮಾಡಿ. ಅಳತೆಗಳನ್ನು ಒಂದು ಪುಸ್ತಕಕ್ಕೆ ಬರೆದುಕೊಳ್ಳಿ. ಟ್ರಯಲ್ ಫೋಟೊಗಳನ್ನು ಕೆಲಸ ಮುಗಿದ ದಿನವೇ ಅಳಿಸಿ, ಅಳಿಸಿದ್ದೇನೆಂದು ಗಿರಾಕಿಗೂ ತಿಳಿಸಿ. ಹೀಗೆ ತಿಳಿಸುವ ಟೈಲರ್ ಬಳಿಗೆ ಹೆಂಗಸರು ಅಕ್ಕತಂಗಿಯರನ್ನೂ ಕರೆದುಕೊಂಡು ಬರುತ್ತಾರೆ.

ಕಾನೂನು ಕೂಡ ಇಲ್ಲಿ ಒಂದು ಗೆರೆ ಎಳೆದಿದೆ. ಹಂತಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಬ್ಬ ವ್ಯಕ್ತಿ ಸ್ವಂತಕ್ಕೆ ಅಥವಾ ಮನೆಯ ಉದ್ದೇಶಕ್ಕೆ ಇಟ್ಟುಕೊಂಡ ಮಾಹಿತಿಗೆ ಅನ್ವಯಿಸುವುದಿಲ್ಲ. ಅತ್ತಿಗೆಯ ಫೋನ್ ನಂಬರು, ಫೋಟೊ ನಿಮ್ಮ ಹತ್ತಿರ ಇದ್ದರೆ ಅದು ಮನೆಯ ವಿಷಯ. ಅದೇ ಅತ್ತಿಗೆ ದುಡ್ಡು ಕೊಟ್ಟು ಬ್ಲೌಸ್ ಹೊಲಿಸಿಕೊಂಡರೆ ಅವರ ಅಳತೆ ವ್ಯಾಪಾರದ ಮಾಹಿತಿ. ಫೋನೂ ಅದೇ, ಮನುಷ್ಯರೂ ಅವರೇ, ನಿಮ್ಮ ಹೊಣೆ ಮಾತ್ರ ಬದಲಾಗುತ್ತದೆ. ನಾಳೆಯೇ ಯಾರೋ ನೋಟಿಸ್ ಹಿಡಿದು ಬರುತ್ತಾರೆಂದು ಹೆದರಿಸಲು ಇದನ್ನು ಹೇಳುತ್ತಿಲ್ಲ. ಕಾನೂನಿನ ಕಣ್ಣಿನಲ್ಲೂ ಎರಡು ಬಳಕೆಗಳ ನಡುವಿನ ವ್ಯತ್ಯಾಸ ಆ್ಯಪಿನಲ್ಲಿಲ್ಲ, ಉದ್ದೇಶದಲ್ಲಿದೆ ಎಂಬುದಷ್ಟೇ ಗೊತ್ತಿರಲಿ.

ಮದುಮಗಳು ನೀವು ಮಾಡಿದ ಬ್ಲೌಸ್ ಹಾಕಿಕೊಂಡ ಫೋಟೊಗಿಂತ ಒಳ್ಳೆಯ ಜಾಹೀರಾತು ನಿಮಗಿಲ್ಲ. ಅದು ಅವಳ ಬದುಕಿನ ಖಾಸಗಿ ದಿನ, ನಿಮ್ಮ ಪಾಲಿಗೆ ಪ್ರಚಾರ. ಆದ್ದರಿಂದ ಕೇಳಿಯೇ ಹಾಕಬೇಕು. ‘ಹಾಕ್ಲಾ ಅಕ್ಕಾ?’ ಎಂದು ಬಾಯಿಮಾತಿನಲ್ಲಿ ಕೇಳಿದರೆ ಮುಖದಾಕ್ಷಿಣ್ಯಕ್ಕೆ ಹೂಂ ಎನ್ನುತ್ತಾರೆ. ಅದರ ಬದಲು ಮೆಸೇಜಿನಲ್ಲಿ ಆಯ್ಕೆ ಕೊಡಿ: ಮುಖ ಕಾಣುವ ಹಾಗೆ ಹಾಕಬಹುದೆ, ಬೆನ್ನಿನ ಡಿಸೈನ್ ಮಾತ್ರವೆ, ಬೇಡವೇ ಬೇಡವೆ. ಹೆಚ್ಚಿನವರು ನಡುವಿನದನ್ನು ಆರಿಸುತ್ತಾರೆ, ನಿಮಗೆ ಬೇಕಾದದ್ದೂ ಅಷ್ಟೇ. ಫೋಟೊ ತೆಗೆದವರು ಮದುವೆಯ ಫೋಟೊಗ್ರಾಫರ್ ಆಗಿದ್ದರೆ ಅವರನ್ನೂ ಕೇಳಿ ಹೆಸರು ಹಾಕಿ. ತಾಲ್ಲೂಕಿನಲ್ಲಿ ಮದುವೆ ಕೆಲಸ ಮಾಡುವವರೆಲ್ಲ ಒಬ್ಬರಿಗೊಬ್ಬರು ಬೇಕಾದವರು.

ವಾಟ್ಸ್‌ಆ್ಯಪಿಗೆ ಬರೋಣ. ಇನ್ನೊಂದು ಸಿಮ್ ತೆಗೆದುಕೊಂಡು ಆ ನಂಬರಿಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ. ಮಾಮೂಲಿ ವಾಟ್ಸ್‌ಆ್ಯಪೂ ಬಿಸಿನೆಸ್ಸೂ ಒಂದೇ ಫೋನಿನಲ್ಲಿ ಜತೆಗಿರುತ್ತವೆ, ನಂಬರು ಬೇರೆ ಇದ್ದರಾಯಿತು. ಅದರಲ್ಲಿ ಕೆಲಸದ ಹೊತ್ತು ನಮೂದಿಸಿ, ಹೊತ್ತು ಮೀರಿ ಬಂದ ಮೆಸೇಜಿಗೆ ತಾನಾಗಿ ಹೋಗುವ ‘ಅವೇ ಮೆಸೇಜ್’ ಬರೆದಿಡಿ: ‘ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ ಉತ್ತರಿಸುತ್ತೇನೆ. ಅರ್ಜೆಂಟ್ ಇದ್ದರೆ ಫಂಕ್ಷನ್ ಯಾವ ತಾರೀಖಿಗೆ ಎಂದು ಬರೆದಿಡಿ.’ ರಾತ್ರಿ ಹನ್ನೊಂದರ ಮೆಸೇಜು ಇದರಿಂದ ನಿಲ್ಲುವುದಿಲ್ಲ, ಅದು ನಿಮ್ಮ ನಿದ್ದೆ ಕೆಡಿಸುವುದು ನಿಲ್ಲುತ್ತದೆ. ಗಿರಾಕಿ ಹನ್ನೊಂದಕ್ಕೆ ಬರೆಯುವುದು ಅವರ ಮನೆಕೆಲಸ ಮುಗಿಯುವುದೂ ಆಗಲೇ ಆದ್ದರಿಂದ. ತಕ್ಷಣ ಉತ್ತರ ಬೇಕೆಂದು ಅವರೇನೂ ಹಟ ಹಿಡಿದಿರುವುದಿಲ್ಲ. ಒಮ್ಮೆ ನೀವು ಆ ಹೊತ್ತಿನಲ್ಲಿ ಉತ್ತರಿಸಿದಿರೋ, ಮುಂದೆ ಅದೇ ಪದ್ಧತಿಯಾಗುತ್ತದೆ. ಇನ್ನೊಂದು ಉಪಯೋಗ ಲೇಬಲ್‌ಗಳದು. ಅಡ್ವಾನ್ಸ್ ಬಂದವರು, ಟ್ರಯಲ್ ಆಗಬೇಕಾದವರು, ಬಾಕಿ ಇರುವವರು ಎಂದು ಚಾಟುಗಳಿಗೆ ಬಣ್ಣದ ಗುರುತು ಹಾಕಬಹುದು. ಡಿಸೈನುಗಳನ್ನು ಕ್ಯಾಟಲಾಗಿನಲ್ಲಿ ಬೆಲೆ ಸಮೇತ ಜೋಡಿಸಿಟ್ಟರೆ ‘ಡಿಸೈನ್ ಕಳ್ಸಿ ಮೇಡಂ’ ಎಂದವರಿಗೆ ಒಂದು ಲಿಂಕ್ ಸಾಕು.

ಗಿರಾಕಿಗಳನ್ನೆಲ್ಲ ಒಂದು ಗ್ರೂಪಿಗೆ ಸೇರಿಸುವ ಆಸೆಯಾಗಬಹುದು. ಸೇರಿಸಬೇಡಿ. ಗ್ರೂಪಿನಲ್ಲಿ ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ, ಮಾರನೆಯ ದಿನ ಯಾರೋ ಆ ನಂಬರುಗಳಿಗೆಲ್ಲ ಚೀಟಿಯ ಸ್ಕೀಮು ಕಳಿಸುತ್ತಾರೆ. ಬ್ರಾಡ್‌ಕಾಸ್ಟ್ ಲಿಸ್ಟ್ ಒಳ್ಳೆಯದು. 256 ಜನರವರೆಗೆ ಒಂದು ಲಿಸ್ಟು, ಪ್ರತಿಯೊಬ್ಬರಿಗೂ ಅದು ಬರೇ ಅವರಿಗೆ ಬಂದ ಮೆಸೇಜಿನಂತೆ ಕಾಣುತ್ತದೆ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ ಎಂಬ ಮಿತಿಯೂ ಇದೆ. ನನಗೆ ಅದು ಮಿತಿಗಿಂತ ಮರ್ಯಾದೆಯಾಗಿ ಕಾಣುತ್ತದೆ: ಬೇಕೆಂದವರಿಗಷ್ಟೇ ಹೋಗುತ್ತದೆ.

ಫೇಸ್‌ಬುಕ್ಕಿನಲ್ಲಿ ಪೇಜ್ ಮಾಡಿ. ಮಾಡಿದ ಮೇಲೆ ನಿಮಗೆ ಬೇಸರವಾಗುತ್ತದೆ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಹೆಸರಿನ ಪ್ರೊಫೈಲಿನಲ್ಲಿ ಹಾಕಿದ ಫೋಟೊಗೆ ಬರುವ ಲೈಕಿನ ಕಾಲುಭಾಗವೂ ಪೇಜಿನಲ್ಲಿ ಹಾಕಿದ ಅದೇ ಫೋಟೊಗೆ ಬರದೇ ಹೋಗಬಹುದು. ಕೆಲಸ ಚೆನ್ನಾಗಿಲ್ಲ ಎಂದಲ್ಲ. ವ್ಯಾಪಾರಿ ಪೇಜುಗಳಿಗಿಂತ ಮನೆಯವರ, ಸ್ನೇಹಿತರ ಪೋಸ್ಟುಗಳನ್ನು ಮೇಲೆ ತೋರಿಸುತ್ತೇವೆಂದು ಫೇಸ್‌ಬುಕ್ 2018ರ ಜನವರಿಯಲ್ಲೇ ಘೋಷಿಸಿತ್ತು. ಪೇಜುಗಳವರು ಜಾಹೀರಾತಿಗೆ ದುಡ್ಡು ಕೊಡಲಿ ಎಂಬ ಲೆಕ್ಕವೂ ಅದರ ಹಿಂದೆ ಇದ್ದೇ ಇದೆ ಎಂದು ನಾನು ನಂಬುತ್ತೇನೆ. ಇಲ್ಲಿಯೇ ನಿಮ್ಮ ಖಾಸಗಿ ಖಾತೆ ಉಪಯೋಗಕ್ಕೆ ಬರುವುದು. ಹೊಸದೇನಾದರೂ ಮಾಡಿದಾಗ ಪೇಜಿನ ಪೋಸ್ಟನ್ನು ನಿಮ್ಮ ಪ್ರೊಫೈಲಿನಿಂದ ಶೇರ್ ಮಾಡಿ, ‘ಬೇಕಾದವರು ಪೇಜಿನಲ್ಲಿ ಕೇಳಿ’ ಎಂದು ಬರೆಯಿರಿ. ಸುದ್ದಿ ಪ್ರೊಫೈಲಿನಿಂದ ಹೊರಡಲಿ, ವ್ಯವಹಾರ ಪೇಜಿನಲ್ಲಿ ನಡೆಯಲಿ. ಯಾರಾದರೂ ಮರೆತು ಪ್ರೊಫೈಲಿನಲ್ಲೇ ರೇಟು ಕೇಳಿದರೆ ಅಲ್ಲಿ ಚರ್ಚೆಗಿಳಿಯದೆ ಪೇಜಿನ ಲಿಂಕ್ ಕೊಡಿ. ಕೆಲವು ವಾರಗಳಲ್ಲಿ ಜನ ಕಲಿಯುತ್ತಾರೆ. ‘ಪ್ರೊಫೆಷನಲ್ ಮೋಡ್ ಆನ್ ಮಾಡಿ’ ಎಂದು ಫೇಸ್‌ಬುಕ್ ದುಂಬಾಲು ಬೀಳುತ್ತದೆ. ಅದು ನಿಮ್ಮ ವೈಯಕ್ತಿಕ ಪ್ರೊಫೈಲನ್ನೇ ಯಾರು ಬೇಕಾದರೂ ಫಾಲೋ ಮಾಡುವ ಹಾಗೆ ಮಾಡುವ ಏರ್ಪಾಡು. ನಾವು ಬಿಡಿಸುತ್ತಿರುವ ಗಂಟನ್ನೇ ಮತ್ತೆ ಹಾಕುತ್ತದೆ, ಬೇಡ.

ಪೇಜಿನ ಬಗ್ಗೆ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಪೇಜ್ ಸ್ವತಂತ್ರವಾಗಿ ನಿಲ್ಲುವುದಿಲ್ಲ, ಯಾರದಾದರೂ ವೈಯಕ್ತಿಕ ಖಾತೆಗೆ ನೇತುಹಾಕಿಕೊಂಡಿರುತ್ತದೆ. ನಿಮ್ಮ ಖಾತೆ ಹ್ಯಾಕ್ ಆದರೆ ವರ್ಷಗಟ್ಟಲೆ ಕಟ್ಟಿದ ಪೇಜೂ ಹೋಗುತ್ತದೆ. ‘ನಿಮ್ಮ ಪೇಜ್ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಮುಚ್ಚುತ್ತೇವೆ, ಇಲ್ಲಿ ಒತ್ತಿ’ ಎಂಬ ಮೆಸೇಜುಗಳು ಬರುವುದು ಇದಕ್ಕಾಗಿಯೇ. ಒತ್ತಬೇಡಿ. ನಿಮ್ಮ ಯಜಮಾನರನ್ನು ಪೂರ್ಣ ಅಧಿಕಾರವಿರುವ ಎರಡನೆಯ ಅಡ್ಮಿನ್ ಮಾಡಿ, ಇಬ್ಬರ ಖಾತೆಗೂ ಪಾಸ್‌ವರ್ಡಿನ ಜತೆಗೆ ಇನ್ನೊಂದು ಕೋಡನ್ನೂ ಕೇಳುವ ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ. ವ್ಯಾಪಾರದ ನಂಬರು ಊರಿಗೆಲ್ಲ ಗೊತ್ತಾದಾಗ ವಂಚಕರಿಗೂ ಗೊತ್ತಾಗುತ್ತದೆ. ಸೈನ್ಯದ ಅಧಿಕಾರಿ ಎಂದು ಹೇಳಿಕೊಂಡು ದೊಡ್ಡ ಆರ್ಡರ್ ಕೊಟ್ಟು, ದುಡ್ಡು ಕಳಿಸುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎನ್ನುವ ಹಳೆಯ ಆಟ ಈಗಲೂ ನಡೆಯುತ್ತಿದೆ. ದುಡ್ಡು ಪಡೆಯಲು ಪಿನ್ ಬೇಕಾಗಿಲ್ಲ. ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನೆಂಟರ ರಿಯಾಯಿತಿ ಕಮೆಂಟಿಗೆ ಔಷಧ ಬಹಳ ಸರಳ. ಪೋಸ್ಟಿನಲ್ಲೇ ‘ಇಷ್ಟರಿಂದ ಶುರು’ ಎಂದು ಬೆಲೆ ಬರೆಯಿರಿ. ಬೆಲೆ ಬರೆಯದ ಕಡೆ ಚೌಕಾಸಿ ಹುಟ್ಟುತ್ತದೆ. ಚಿಕ್ಕಮ್ಮನಿಗೆ ಕಮ್ಮಿ ಮಾಡಬೇಕೆಂದಿದ್ದರೆ ಮಾಡಿ, ಅದು ಫೋನಿನಲ್ಲಿ ಆಗಲಿ. ಪೇಜಿನಲ್ಲಿ ಒಬ್ಬರಿಗೆ ಕಮ್ಮಿ ಮಾಡಿದ್ದು ಕಂಡರೆ ಪೂರ್ತಿ ಕೊಟ್ಟವರು ಮೋಸಹೋದೆವು ಅಂದುಕೊಳ್ಳುತ್ತಾರೆ. ಹಾಗೆಯೇ ಹೆಚ್ಚು ಫಾಲೋವರ್ಸ್ ಇರುವ ಯಾರಾದರೂ ‘ಬ್ಲೌಸ್ ಫ್ರೀ ಕೊಡಿ, ರೀಲ್ ಮಾಡುತ್ತೇನೆ’ ಎಂದು ಬಂದರೆ ಒಪ್ಪುವುದು ಬಿಡುವುದು ನಿಮ್ಮಿಷ್ಟ. ಒಪ್ಪಿದರೆ ಅದು ಜಾಹೀರಾತು ಎಂದು ಅವರು ರೀಲಿನಲ್ಲಿ ತೋರಿಸಬೇಕು. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿವೆ. ದುಡ್ಡೇ ಕೈ ಬದಲಾಯಿಸಬೇಕೆಂದಿಲ್ಲ, ಬಿಟ್ಟಿ ಬ್ಲೌಸೂ ಲೆಕ್ಕಕ್ಕೆ ಬರುತ್ತದೆ.

ನಾದಿನಿಯ ವಿಷಯ ಸ್ವಲ್ಪ ಸೂಕ್ಷ್ಮ. ಅವರು ಶೇರ್ ಮಾಡುವುದು ಪ್ರೀತಿಯಿಂದ, ಅವರ ಪಾಲಿಗೆ ಅದು ಪೂರ್ತಿ ಖಾಸಗಿ ಬಳಕೆ. ಸರ್ಕಾರ ಹಾಗೆ ನೋಡಬೇಕೆಂದಿಲ್ಲ. ಸರ್ಕಾರಿ ನೌಕರರು ಅನುಮತಿಯಿಲ್ಲದೆ ವ್ಯಾಪಾರದಲ್ಲಿ ತೊಡಗುವುದನ್ನು ನಡತೆ ನಿಯಮಗಳು ತಡೆಯುತ್ತವೆ. ಕೇಂದ್ರ ನೌಕರರ 1964ರ ನಿಯಮಗಳು ಕುಟುಂಬದವರು ನಡೆಸುವ ಏಜೆನ್ಸಿಯಂಥ ವ್ಯವಹಾರಗಳ ಪರವಾಗಿ ಗಿರಾಕಿ ಹಿಡಿದುಕೊಡುವುದನ್ನೂ ಉಲ್ಲಂಘನೆಯೆಂದೇ ಎಣಿಸುತ್ತವೆ. ರಾಜ್ಯದ ನಿಯಮಗಳ ಧೋರಣೆಯೂ ಅದೇ. ಅಣ್ಣನ ಹೆಂಡತಿಯ ಕುಚ್ಚಿನ ಕೆಲಸ ಅದರೊಳಗೆ ಬರುತ್ತದೆಯೇ ಎಂದು ವಾದ ಮಾಡಬಹುದು, ಗೆಲ್ಲಲೂಬಹುದು. ಆದರೆ ಆ ವಾದ ಮಾಡಬೇಕಾದವರು ಅವರು, ನೀವಲ್ಲ. ಆಗದವರೊಬ್ಬರು ಸ್ಕ್ರೀನ್‌ಶಾಟ್ ತೆಗೆದು ಬಿಇಒ ಕಚೇರಿಗೆ ಅರ್ಜಿ ಹಾಕಿದರೆ ಓಡಾಟ ಅವರದೇ. ಲೈಕ್ ಮಾಡಲಿ, ನೀವು ಮಾಡಿಕೊಟ್ಟ ಬ್ಲೌಸ್ ಹಾಕಿಕೊಂಡ ಫೋಟೊ ಹಾಕಲಿ. ರೇಟು, ನಂಬರು ಇರುವ ಪೋಸ್ಟುಗಳನ್ನು ಶೇರ್ ಮಾಡುವುದು ಬೇಡ. ಸರ್ಕಾರಿ ನೌಕರರಿಗೆ ‘ಇದು ನನ್ನ ವೈಯಕ್ತಿಕ ಅಭಿಪ್ರಾಯ’ ಎಂದು ಬಯೋದಲ್ಲಿ ಬರೆದುಕೊಳ್ಳುವುದರಿಂದಲೂ ಹೆಚ್ಚಿನ ರಕ್ಷಣೆ ಸಿಗದು. 2023ರಲ್ಲಿ ಮುಖ್ಯಮಂತ್ರಿಯನ್ನು ಟೀಕಿಸಿದ ಫೇಸ್‌ಬುಕ್ ಪೋಸ್ಟಿಗಾಗಿ ನಮ್ಮದೇ ರಾಜ್ಯದ ಶಿಕ್ಷಕರೊಬ್ಬರು ಅಮಾನತಾದದ್ದು ಅವರಿಗೂ ಗೊತ್ತಿರುತ್ತದೆ. ಕೆಲವು ಉದ್ಯೋಗಗಳಲ್ಲಿ ಖಾಸಗಿ ಖಾತೆ ಎಂಬುದು ಅರ್ಧ ಮಾತ್ರ ಖಾಸಗಿ. ವಕೀಲರದೂ ಇಂಥದೇ ಕಥೆ, ತಿರುಗುಮುರುಗಾಗಿ: ಅವರು ಜಾಹೀರಾತು ಕೊಡುವುದನ್ನು ಬಾರ್ ಕೌನ್ಸಿಲ್ ನಿಯಮ 36 ನಿಷೇಧಿಸಿರುವುದರಿಂದ, ನಿಮಗೆ ಸಲೀಸಾಗಿರುವ ಪ್ರಚಾರ ಅವರಿಗೆ ದಕ್ಕುವುದಿಲ್ಲ.

ಇನ್ನು ನಿಮ್ಮ ಯಜಮಾನರು. ‘ಫೇಸ್‌ಬುಕ್ ಇದೆಯಲ್ಲ’ ಎಂಬ ಅವರ ಮಾತಿಗೆ ಉತ್ತರವಾಗಿ ಒಂದು ಹಳೆಯ ಅಧ್ಯಯನ ಹೇಳುತ್ತೇನೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ‘ಆ ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ’ ಎಂದು ಕೇಳಿದ್ದರು. ಪದೇ ಪದೇ ಭೇಟಿಯಾಗುತ್ತಿದ್ದೆವು ಎಂದವರು ಸುಮಾರು ಶೇ 17 ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು ಶೇ 56ರ ಹತ್ತಿರ, ಅಪರೂಪಕ್ಕೆ ಎಂದವರು ಶೇ 28. ಇದು 1973ರಲ್ಲಿ ಪ್ರಕಟವಾಯಿತು. ಕಾರಣ ಸುಲಭ: ಆತ್ಮೀಯರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಗೊತ್ತಿಲ್ಲದ ಸುದ್ದಿ ಬರಬೇಕಾದದ್ದು ದೂರದ ಪರಿಚಯದಿಂದ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ, ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲಿನ ಪ್ರಯೋಗವೂ ಹೆಚ್ಚುಕಡಿಮೆ ಇದನ್ನೇ ಕಂಡುಕೊಂಡಿತು, ಒಂದು ತಿದ್ದುಪಡಿಯೊಂದಿಗೆ. ತೀರ ದೂರದ ಪರಿಚಯದವರಿಗಿಂತ, ಒಂದಿಷ್ಟು ಸಮಾನ ಪರಿಚಯಗಳಿರುವ ಅರೆಪರಿಚಿತರಿಂದ ಕೆಲಸ ಸಿಗುವ ಸಂಭವ ಹೆಚ್ಚು. ಫೇಸ್‌ಬುಕ್ಕಿನಲ್ಲಿ ಅವರಿಗಿರುವುದು ಊರಿನವರು, ನೆಂಟರು, ಕ್ರಿಕೆಟ್ ಟೀಮಿನವರು. ಐಟಿಐ, ಡಿಪ್ಲೊಮಾ ಸಹಪಾಠಿಗಳು, ಹಿಂದಿನ ಕಾರ್ಖಾನೆಯ ಸಹೋದ್ಯೋಗಿಗಳು, ವೆಂಡರುಗಳ ಕಡೆಯಿಂದ ಬರುತ್ತಿದ್ದ ಎಂಜಿನಿಯರುಗಳು ಈ ಅರೆಪರಿಚಿತರ ಗುಂಪಿನವರು, ಅವರು ಸಿಗುವುದು ಲಿಂಕ್ಡ್‌ಇನ್‌ನಲ್ಲಿ.

ಅಲ್ಲಿ ಬರೆಯುವ ರೀತಿ ಬೇರೆ. ‘ಶ್ರಮಜೀವಿ, ಪ್ರಾಮಾಣಿಕ’ ಎಂದರೆ ಯಾರೂ ಹುಡುಕಿಕೊಂಡು ಬರುವುದಿಲ್ಲ. ಯಾವ ಬಿಡಿಭಾಗಗಳನ್ನು ತಪಾಸಿಸಿದ್ದಾರೆ, ವರ್ನಿಯರ್, ಮೈಕ್ರೊಮೀಟರ್ ಬಿಟ್ಟರೆ ಬಿಡಿಭಾಗಗಳನ್ನು ನಿಖರವಾಗಿ ಅಳೆಯುವ ಸಿಎಂಎಂ ಮೆಷಿನ್ ನಡೆಸಬಲ್ಲರೇ, ಆಡಿಟ್ ಎದುರಿಸಿದ್ದಾರೆಯೇ, ಡ್ರಾಯಿಂಗ್ ಓದಿ ರಿಪೋರ್ಟ್ ಬರೆಯಬಲ್ಲರೇ – ಇವನ್ನು ಬರೆಯಲಿ, ಇಂಗ್ಲಿಷಿನಲ್ಲೇ ಬರೆಯಲಿ. ಎಚ್‌ಆರ್‌ನವರು ಈ ಪದಗಳನ್ನು ಹಾಕಿಯೇ ಹುಡುಕುವುದು. ಕಾರ್ಖಾನೆಯೊಳಗಿನ ಫೋಟೊ, ಡ್ರಾಯಿಂಗು, ಗ್ರಾಹಕ ಕಂಪನಿಯ ಭಾಗ ಕಾಣುವ ಚಿತ್ರ ಹಾಕಲೇಬಾರದು. ಹೊಸ ಕಂಪನಿಯವರೂ ಅದನ್ನು ನೋಡಿ ‘ನಾಳೆ ನಮ್ಮದನ್ನೂ ಹೀಗೇ ಹಾಕುತ್ತಾನೆ’ ಎಂದೇ ಎಣಿಸುತ್ತಾರೆ. ‘ಓಪನ್ ಟು ವರ್ಕ್’ ಎಂಬ ಹಸಿರು ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಿಕೊಳ್ಳದೆ, ನೇಮಕಾತಿ ಮಾಡುವವರಿಗೆ ಮಾತ್ರ ಕಾಣುವಂತೆ ಇಡಬಹುದು. ಈಗಿನ ಕಂಪನಿಯ ಎಚ್‌ಆರ್‌ಗೆ ಕಾಣದಂತೆ ಲಿಂಕ್ಡ್‌ಇನ್ ಪ್ರಯತ್ನಿಸುತ್ತದೆ, ಖಾತರಿ ಕೊಡುವುದಿಲ್ಲ. ಫೇಸ್‌ಬುಕ್ಕಿನ ಅಭ್ಯಾಸದವರು ಎಡವುವ ಇನ್ನೊಂದು ಜಾಗವಿದೆ. ಫೇಸ್‌ಬುಕ್ಕಿನಲ್ಲಿ ಯಾರದೋ ಪ್ರೊಫೈಲ್ ಇಣುಕಿದರೆ ಅವರಿಗೆ ತಿಳಿಯುವುದಿಲ್ಲ. ಲಿಂಕ್ಡ್‌ಇನ್‌ನಲ್ಲಿ ಮಾಮೂಲಿಯಾಗಿ ತಿಳಿಯುತ್ತದೆ. ಬೇರೆ ಕಂಪನಿಯ ಮ್ಯಾನೇಜರರ ಪ್ರೊಫೈಲನ್ನು ದಿನಾ ನೋಡುವ ಮೊದಲು ಪ್ರೈವೇಟ್ ಮೋಡ್ ಹಾಕಿಕೊಳ್ಳಲಿ. ಇಲ್ಲವೇ ನೋಡಿದ್ದು ಗೊತ್ತಾಗಲಿ ಎಂದೇ ನೋಡಲಿ, ಅದೂ ಒಂದು ಜಾಣತನ.

ನಿಮಗೆ ಲಿಂಕ್ಡ್‌ಇನ್ ಬೇಕೆ? ಸದ್ಯಕ್ಕೆ ಬೇಡ. ಬೆಂಗಳೂರಿನ ಬೂಟಿಕ್‌ಗಳಿಗೆ ಸಗಟು ಕುಚ್ಚು ಮಾಡಿಕೊಡುವ ಯೋಚನೆ ಬಂದ ದಿನ ನೋಡೋಣ.

ಕೊನೆಗೆ ಹಳೆಯ ಪೋಸ್ಟುಗಳು. ಒಂದೊಂದನ್ನೇ ಹುಡುಕಿ ಅಳಿಸುತ್ತ ಕೂರಬೇಡಿ. ಫೇಸ್‌ಬುಕ್ ಸೆಟ್ಟಿಂಗ್ಸಿನ ಪ್ರೈವೆಸಿ ಭಾಗದಲ್ಲಿ ‘ಲಿಮಿಟ್ ಪಾಸ್ಟ್ ಪೋಸ್ಟ್ಸ್’ ಎಂಬುದಿದೆ. ಇಲ್ಲಿಯವರೆಗೆ ಪಬ್ಲಿಕ್ ಆಗಿದ್ದ ನಿಮ್ಮ ಪೋಸ್ಟುಗಳೆಲ್ಲ ಅದನ್ನೊತ್ತಿದರೆ ಒಟ್ಟಿಗೆ ಸ್ನೇಹಿತರಿಗೆ ಮಾತ್ರ ಕಾಣುವಂತಾಗುತ್ತವೆ. ಒತ್ತುವ ಮೊದಲು ಎರಡು ವಿಷಯ ತಿಳಿದಿರಿ. ಒಟ್ಟಿಗೆ ಮುಚ್ಚಿದ್ದನ್ನು ಒಟ್ಟಿಗೆ ತೆರೆಯಲಾಗುವುದಿಲ್ಲ, ಮತ್ತೆ ಪಬ್ಲಿಕ್ ಮಾಡಬೇಕೆಂದರೆ ಒಂದೊಂದಾಗಿಯೇ ಮಾಡಬೇಕು. ಆದ್ದರಿಂದ ಕೆಲಸಕ್ಕೆ ಬರುವ ಬ್ಲೌಸಿನ ಫೋಟೊಗಳನ್ನು ಮೊದಲೇ ಇಳಿಸಿಕೊಂಡು ಹೊಸ ಪೇಜಿಗೆ ಹಾಕಿ. ಎರಡನೆಯದಾಗಿ, ಬೇರೆಯವರು ಹಾಕಿ ನಿಮ್ಮನ್ನು ಟ್ಯಾಗ್ ಮಾಡಿದ ಫೋಟೊಗಳ ಮೇಲೆ ಇದರ ಅಧಿಕಾರ ನಡೆಯದು. ಮುಂದೆ ನೀವು ಟ್ಯಾಗ್ ಆದ ಪೋಸ್ಟುಗಳು ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಪ್ರೊಫೈಲಿನಲ್ಲಿ ಕಾಣದಂತೆ ತಡೆಯುವ ರಿವ್ಯೂ ಸೆಟ್ಟಿಂಗ್ ಆನ್ ಮಾಡಿ, ಮಗಳ ಫೋಟೊ ಹಾಕಿದ ನೆಂಟರಿಗೆ ಫೋನ್ ಮಾಡಿ ತೆಗೆಸಿ. ಇನ್‌ಸ್ಟಾಗ್ರಾಮಿನ ಹೊಸ ಖಾತೆ ತೆರೆಯುವಾಗ ಹೊಸ ನಂಬರನ್ನೇ ಕೊಟ್ಟು, ಫೋನಿನಲ್ಲಿ ಸೇವ್ ಆಗಿರುವ ನಂಬರುಗಳನ್ನು ಇನ್‌ಸ್ಟಾಗ್ರಾಮಿಗೆ ಕಳಿಸುವ ಕಾಂಟ್ಯಾಕ್ಟ್ ಸಿಂಕ್ ಆಫ್ ಮಾಡಿ. ಅದು ಆನ್ ಇದ್ದರೆ ನಿಮ್ಮ ಗಿರಾಕಿಗಳಿಗೆ ‘ನಿಮಗೆ ಪರಿಚಯವಿರಬಹುದು’ ಎಂದು ನಿಮ್ಮ ಖಾಸಗಿ ಖಾತೆಯನ್ನು ಇನ್‌ಸ್ಟಾಗ್ರಾಮೇ ತೋರಿಸಿಬಿಡಬಹುದು.